ಮಹಾದೇವಪ್ಪ ಮಾಸ್ತರರ ಮುಖಮಾರ್ಜನ

ಧಾರವಾಡದ ಸಪ್ತಾಪುರದಲ್ಲಿ ಬೆಳಗಾಗುವುದು ಸೂರ್ಯನಿಂದ ಎಂದು ತಿಳಿದವರು ಆ ಓಣಿಯಲ್ಲಿ ಒಂದು ದಿನವೂ ತಂಗಿದವರಲ್ಲ. ಸೂರ್ಯ ಬರುತ್ತಿದ್ದ, ಇಲ್ಲವೆನ್ನಲಾರೆ. ಆದರೆ ಮಹಾದೇವಪ್ಪ ಮಾಸ್ತರರು ಮುಖ ತೊಳೆದು ಮುಗಿಸಿದ ಮೇಲೆ, ಸಾಹೇಬರ ಗಂಟೆ ಕೇಳಿದ ಜವಾನನಂತೆ, ತಲೆ ತಗ್ಗಿಸಿಕೊಂಡು ಬರುತ್ತಿದ್ದ.

ಮುಖ ತೊಳೆಯುವುದೆಂದರೆ ನಾವು ನೀವು ತೊಳೆಯುವ ಹಾಗಲ್ಲ. (ನಾವು ಎರಡು ಬೊಗಸೆ ನೀರು ಚಿಮುಕಿಸಿ, ಉಳಿದ ಕೊಳೆಯನ್ನು ಟವೆಲ್ಲಿಗೆ ವರ್ಗಾಯಿಸಿ ಚಹಕ್ಕೆ ಓಡುವ ಜನ.) ಮಾಸ್ತರರದು ಮುಖಮಾರ್ಜನ. ಹಿತ್ತಲಿನ ಬಚ್ಚಲ ಕಟ್ಟೆಯ ಮೇಲೆ ತಾಮ್ರದ ತಂಬಿಗೆ ಇಟ್ಟು, ಬನಿಯನ್ನಿನ ಮೇಲೆ ಕೆಂಪು ಟವೆಲ್ ಹೊದ್ದು, ಪೂರ್ವಕ್ಕೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕುಳಿತರೆಂದರೆ ಗಿಡದ ಮೇಲಿನ ಹಕ್ಕಿಗಳು ಬೇರೆ ಗಿಡ ನೋಡಿಕೊಳ್ಳುತ್ತಿದ್ದವು. ಮೊದಲು ಇದ್ದಿಲ ಪುಡಿಯಿಂದ ಹಲ್ಲು. ಇದು ಪೀಠಿಕೆ. ಸದ್ದಿಲ್ಲ, ಬರೀ ಕಪ್ಪು. ಆಮೇಲೆ ಹಿತ್ತಾಳೆಯ ನಾಲಿಗೆ ಕಡ್ಡಿ. ಅದು ನಾಲಿಗೆಯ ಬುಡ ಮುಟ್ಟಿದಾಗ ಹೊಕ್ಕುಳಿನ ಕೆಳಗೆ ಎಲ್ಲೋ ಒಂದು ಗುಡುಗು ಹುಟ್ಟಿ, ಎದೆಯಲ್ಲಿ ಒಂದು ಸುತ್ತು ತಿರುಗಿ, ಗಂಟಲಲ್ಲಿ ನಿಂತು ಮೀಸೆ ತಿರುವಿಕೊಂಡು, “ಖ್ಯಾ...ಕ್!” ಎಂದು ಹೊರಬೀಳುತ್ತಿತ್ತು. ಅದರ ಹಿಂದೆಯೇ ಗಂಟಲಲ್ಲಿ ನೀರು ತುಂಬಿ ಆಕಾಶಕ್ಕೆ ಮುಖ ಮಾಡಿ ಗಳಗಳಗಳ ಎಂಬ ವಿಸ್ತಾರ, ಮಂದ್ರದಿಂದ ತಾರಸಪ್ತಕದವರೆಗೆ. ಕೊನೆಗೆ ಇನ್ನೊಂದು ಖ್ಯಾಕ್. ಅಲ್ಲಿಗೆ ಸಭೆ ವಿಸರ್ಜನೆ.

ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದ ವಿದ್ಯಾರ್ಥಿಗಳು ಅಲಾರಂ ಗಡಿಯಾರ ಕೊಳ್ಳುತ್ತಿರಲಿಲ್ಲ. ಬಿ.ಎ.ಯಲ್ಲಿ ಮೊದಲ ವರ್ಗ ಬಂದ ಒಬ್ಬ ಹುಡುಗ ಪೇಡೆಯ ಪುಡಿಕೆ ತಂದು ಮಾಸ್ತರರ ಕಾಲು ಮುಟ್ಟಿ, “ನಿಮ್ಮ ಗಂಟಲ ಇಲ್ಲದಿದ್ರ ನಾ ಏಳತಿದ್ದಿಲ್ರಿ ಸರ್” ಎಂದು ಕಣ್ಣು ಒರೆಸಿಕೊಂಡಿದ್ದ. ಹಾಲಿನ ಹನುಮವ್ವನ ಎಮ್ಮೆ, ಮೊದಲ ಖ್ಯಾಕ್ ಕಿವಿಗೆ ಬೀಳದೆ ಹಾಲು ಇಳಿಸುತ್ತಿರಲಿಲ್ಲವಂತೆ. ಮುಂಜಾನೆಯ ಗಾಡಿ ಸ್ಟೇಷನ್ನಿನಲ್ಲಿ ಸಿಳ್ಳೆ ಹಾಕುವುದು ಗಾರ್ಡಿನ ನಿಶಾನೆಗಲ್ಲ, ಮಾಸ್ತರರಿಗೆ ಪ್ರತ್ಯುತ್ತರವಾಗಿ ಎಂದು ಹೇಳುವವರೂ ಇದ್ದರು. ಪಕ್ಕದ ಮನೆಯ ಯಜ್ಞೇಶ್ವರ ನಿವೃತ್ತ ಸಂಗೀತ ಮಾಸ್ತರ. ಆತನ ಮನೆಗೆ ಬಂದ ಪರವೂರಿನ ಗವಾಯಿಯೊಬ್ಬರು ಬೆಳಿಗ್ಗೆ ಹಾಸಿಗೆಯಲ್ಲೇ ಎದ್ದು ಕುಳಿತು, “ಇದ್ಯಾವ ಘರಾಣಾ?” ಎಂದು ಕೇಳಿದರಂತೆ. ಯಜ್ಞೇಶ್ವರ ತಂಬೂರಿ ಶ್ರುತಿ ಮಾಡುತ್ತ, “ಬಚ್ಚಲ ಘರಾಣಾ. ಶಿಷ್ಯರು ಇನ್ನೂ ತಯಾರಾಗಿಲ್ಲ” ಎಂದನಂತೆ.

ಮಾಸ್ತರರ ಹೆಂಡತಿ ಕಸ್ತೂರೆವ್ವ ಮದುವೆಯಾಗಿ ಬಂದ ಮರುದಿನ ಈ ಸದ್ದು ಕೇಳಿ, ಗಂಡನನ್ನು ಯಾರೋ ಕೊಲ್ಲುತ್ತಿದ್ದಾರೆಂದು ಒನಕೆ ಹಿಡಿದು ಹಿತ್ತಲಿಗೆ ಓಡಿದ್ದಳು. ಓಡಿದ್ದು ಉಳಿಸುವುದಕ್ಕೆ. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಆ ಒನಕೆಯನ್ನು ಬೇರೆ ಉದ್ದೇಶಕ್ಕೆ ನೋಡಿದ್ದುಂಟು. ಆದರೂ ಸಹಿಸಿಕೊಂಡಿದ್ದಳು. ಮಕ್ಕಳಿಲ್ಲದ ಮನೆ. ಸದ್ದು ಅಂತ ಇದ್ದದ್ದು ಅದೊಂದೇ.

ಇಂಥ ಮನೆಯ ಮಹಡಿಗೆ ಅರವತ್ಮೂರನೇ ಇಸವಿಯ ಆರಿದ್ರಿ ಮಳೆಯಲ್ಲಿ ಡೆನ್ಮಾರ್ಕ್ ದೇಶ ಬಾಡಿಗೆಗೆ ಬಂತು.

ಮಾಸ್ತರರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವರು. ಅವರ ಪುಸ್ತಕದಲ್ಲಿ ಡೆನ್ಮಾರ್ಕ್ ಒಂದೂವರೆ ಸಾಲು: ಬೆಣ್ಣೆ, ತತ್ತಿ, ತಂಪು ಹವೆ. ಅದನ್ನೇ ವರ್ಷ ವರ್ಷ ಬಾಯಿಪಾಠ ಮಾಡಿಸಿ ಎಷ್ಟೋ ಹುಡುಗರನ್ನು ಪಾಸು ಮಾಡಿಸಿದ್ದರು. ಈಗ ಆ ದೇಶ ಫಕ್ರುಸಾಬನ ಟಾಂಗಾದಿಂದ ಇಳಿಯುವಾಗ ನೋಡಿದರೆ ಅದರಲ್ಲಿ ಬೆಣ್ಣೆಯೂ ಇಲ್ಲ, ತತ್ತಿಯೂ ಇಲ್ಲ. ತೆಂಗಿನ ಗಿಡದಷ್ಟು ಎತ್ತರದ ಒಬ್ಬ ಗಂಡಸು, ಮಳೆಯಲ್ಲಿ ತೊಯ್ದು ತಪ್ಪಡಿಯಾದ ಒಬ್ಬ ಹೆಂಗಸು, ಜೋಳದ ತೆನೆಯ ಬಣ್ಣದ ಕೂದಲಿನ ಎರಡು ಮಕ್ಕಳು, ಮತ್ತು ನಾಲ್ಕು ಗಾಲಿಯ ಮೇಲೆ ಕೂತ ಒಂದು ತೊಟ್ಟಿಲು.

ಗಂಡಸಿನ ಹೆಸರು ನೀಲ್ಸ್. ಜೋಳಕ್ಕೆ ಬರುವ ಕಾಡಿಗೆ ರೋಗವನ್ನು ಅಭ್ಯಾಸ ಮಾಡಲು ಸಮುದ್ರ ದಾಟಿ ಇಲ್ಲಿನ ಕೃಷಿ ಕಾಲೇಜಿಗೆ ಬಂದಿದ್ದ. (ನಮ್ಮ ಜೋಳದ ರೋಗಕ್ಕೂ ಇಷ್ಟು ಮಾನವಿದೆ ಎಂದು ಆ ತನಕ ಓಣಿಗೆ ಗೊತ್ತಿರಲಿಲ್ಲ.) ಹೆಂಡತಿ ಇಂಗರ್. ಐದು ವರ್ಷದ ಮಗ ಓಲುಫ್. ಇನ್ನೂ ವರ್ಷ ತುಂಬದ ಮಗಳು ಕಾರೆನ್. ಕಸ್ತೂರೆವ್ವ ಈ ಹೆಸರುಗಳನ್ನು ಒಂದೊಂದು ಸಲ ಬಾಯಲ್ಲಿ ಹೊರಳಿಸಿ ನೋಡಿ, ನಾಲಿಗೆಗೆ ತ್ರಾಸವೆಂದು ತೀರ್ಮಾನಿಸಿ, ಅಂದು ಸಂಜೆಯೊಳಗೆ ಎಲ್ಲರಿಗೂ ಹೊಸದಾಗಿ ನಾಮಕರಣ ಮಾಡಿದಳು. ನೀಲಪ್ಪ, ಇಂಗವ್ವ, ಉಳವಪ್ಪ. ಹಾಲಿನಂಥ ಮೈಯ, ಬೆಳ್ಳಗೆ ಬೆಳಕು ಬಿಡುವ ಆ ಕೂಸು ಕರೆವ್ವ.

“ಆ ಕೂಸಿಗೆ ಕರೆವ್ವ ಅಂತೀಯಲ್ಲ, ಕಣ್ಣ ಕಾಣತಾವೇನು?” ಎಂದರು ಮಾಸ್ತರರು.

“ಕಾಣತಾವ್ರಿ. ಅದಕ್ಕ ಇಟ್ಟೇನಿ. ಓಣಿ ಮಂದಿ ದೃಷ್ಟಿ ತಾಕಬಾರದು.”

ಹೊಸ ದೇಶದಲ್ಲಿ ದೊಡ್ಡವರು ಪರದಾಡುತ್ತಾರೆ, ಮಕ್ಕಳು ಆಡುತ್ತಾರೆ. ಉಳವಪ್ಪ ಮೂರನೆಯ ದಿನ ಬೂಟು ಕಳಚಿ ಒಗೆದವನು ಮತ್ತೆ ಹಾಕಲಿಲ್ಲ. ದಸರೆಯ ಹೊತ್ತಿಗೆ ಗೋಲಿ, ಚಿಣಿಫಣಿ, ಬೈಗುಳ, ಈ ಮೂರರಲ್ಲೂ ಓಣಿಯ ಹುಡುಗರಿಗೆ ಸರಿಸಮನಾಗಿ, ಅಪ್ಪ ಅವ್ವನಿಗೆ ದುಭಾಷಿಯಾದ. ಕರೆವ್ವನದು ಬೇರೆ ಪೇಚು. ಹನುಮವ್ವನ ಎಮ್ಮೆಯ ಹಾಲು ಬಾಯಿಗಿಟ್ಟರೆ ಉಗುಳುತ್ತಿತ್ತು. ಇಂಗರ್ ಡಬ್ಬಿಯ ಪುಡಿ ಕಲಸಿದಳು, ನೀರು ಬೆರೆಸಿದಳು, ಕೊನೆಗೆ ಮೆಟ್ಟಿಲ ಮೇಲೆ ಕೂತು ತಾನೇ ಅತ್ತಳು. ಕಸ್ತೂರೆವ್ವ ಒಳಗೆ ಹೋಗಿ, ಬಿಸಿ ಜೋಳದ ರೊಟ್ಟಿಯನ್ನು ಬೆಲ್ಲ ತುಪ್ಪ ಹಾಕಿ ಅಂಗೈಯಲ್ಲಿ ಮಿದ್ದು ಮೆತ್ತಗೆ ಮುಟಗಿ ಮಾಡಿ ತಂದು, ಕೂಸಿನ ಬಾಯಿಗೆ ಬೆರಳ ತುದಿಯಷ್ಟು ಇಟ್ಟಳು. ಕೂಸು ಚಪ್ಪರಿಸಿತು. ಆಮೇಲೆ ಬೆರಳನ್ನೇ ಹಿಡಿದುಕೊಂಡಿತು.

ಆ ಬೆರಳನ್ನು ಕಸ್ತೂರೆವ್ವ ಅಂದು ಸಂಜೆಯ ತನಕ ತೊಳೆಯಲಿಲ್ಲ ಎಂಬುದನ್ನು ಮಾಸ್ತರರು ಗಮನಿಸಿದರು.

ಅಂದಿನಿಂದ ಇಂಗರ್ ಆಕೆಗೆ “ಅಕ್ಕಾ” ಎಂದಳು. ಅಕ್ಕನಾದ ಮೇಲೆ ಮಕ್ಕಳಿಗೆ ತಾನಾಗಿಯೇ ದೊಡ್ಡವ್ವ ದೊಡ್ಡಪ್ಪ ಸಿಕ್ಕರು. ಇಬ್ಬರು ಹೆಂಗಸರು ಅಡಿಗೆಮನೆಯಲ್ಲಿ ಕೂತು ತಾಸುಗಟ್ಟಲೆ ಮಾತಾಡುತ್ತಿದ್ದರು. ಆಕೆ ಡೇನಿಷ್, ಈಕೆ ಧಾರವಾಡಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದ್ದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ.

ಜಗಳ ಹತ್ತಿದ್ದು ಒಂದೇ ಸಲ. ಒಂದು ದಿನ ಮಧ್ಯಾಹ್ನ ಕಸ್ತೂರೆವ್ವ ಹಿತ್ತಲಿಗೆ ಬಂದು ನೋಡುತ್ತಾಳೆ, ಪೇರಲ ಗಿಡದ ಕೆಳಗೆ ತೊಟ್ಟಿಲ ಗಾಡಿ, ಗಾಡಿಯಲ್ಲಿ ಕೂಸು, ಸುತ್ತ ಒಂದು ನರಪಿಳ್ಳೆಯೂ ಇಲ್ಲ! ಕೂಸನ್ನು ಅಲ್ಲೇ ಮಲಗಿಸಿ ಅವ್ವ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಳೆ. ಕಸ್ತೂರೆವ್ವ ಕೂಸನ್ನು ಎದೆಗವಚಿಕೊಂಡು ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಇಂಗರ್ ಕೆಳಗಿಳಿದು ಬರಿದಾದ ಗಾಡಿ ಕಂಡು ಕಿರುಚಿದಳು. ಉಳವಪ್ಪ ನಡುವೆ ನಿಂತು ವ್ಯಾಜ್ಯ ಬಿಡಿಸಿದ.

“ದೊಡ್ಡವ್ವಾ, ನಮ್ಮೂರಾಗ ಕೂಸಗೋಳ್ನ ಹೊರಗ ಮಲಗಸ್ತಾರಂತ. ಗಾಳಿ ಬೇಕಂತ. ಹಿಮಾ ಬಿದ್ರೂ ಹೊರಗ ಅಂತ.”

“ಹಿಮಾ ಬೀಳಲಿ, ಬೆಂಕಿ ಬೀಳಲಿ, ನಿಮ್ಮೂರಾಗ ಮಂಗ್ಯಾ ಅದಾವೇನಂತ ಕೇಳೋ ನಿಮ್ಮವ್ವಗ!”

ಉಳವಪ್ಪ ಕೇಳಿದ. ಇಂಗರ್ ತಲೆ ಅಲ್ಲಾಡಿಸಿದಳು.

“ಇಲ್ಲಂತ.”

“ಇಲ್ಲಿ ಅದಾವು. ಅದೂ ಪ್ಯಾರಲ ಹಣ್ಣಿನ ಗಿಡದಾಗ!”

ಕೊನೆಗೆ ಎರಡು ದೇಶಗಳ ನಡುವೆ ಒಪ್ಪಂದವಾಯಿತು. ಕೂಸು ಹೊರಗೇ ಮಲಗುವುದು, ದೊಡ್ಡವ್ವ ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕಾವಲು ಕೂಡುವುದು. ಆ ಮೇಲೆ ಮಾಸ್ತರರ ಮನೆಯಲ್ಲಿ ಅನ್ನದಲ್ಲಿ ಒಂದು ಕಲ್ಲೂ ಸಿಗಲಿಲ್ಲ.

ಇನ್ನು ಮುಖಮಾರ್ಜನಕ್ಕೆ ಬರೋಣ. ಇಷ್ಟು ದಿನವೂ ಅದು ನಿರಾತಂಕವಾಗಿ ನಡೆದೇ ಇತ್ತು. ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಇಂಗರ್ ಮಗನನ್ನು ಕರೆದುಕೊಂಡು, ಕೈಯಲ್ಲಿ ಒಂದು ಸಣ್ಣ ಬಾಟಲಿ ಹಿಡಿದು, ಬಹಳ ಗಂಭೀರವಾಗಿ ಕೆಳಗಿಳಿದು ಬಂದಳು. ಉಳವಪ್ಪ ಅವ್ವನ ಮಾತನ್ನು ಕನ್ನಡಕ್ಕೆ ತಂದ.

“ದೊಡ್ಡವ್ವಾ, ದೊಡ್ಡಪ್ಪಗ ಏನ ಬ್ಯಾನಿ ಐತಿ ಅಂತ ಅವ್ವ ಕೇಳಾಕತ್ತಾಳ. ದಿನಾ ಮುಂಜಾನಿ ಭಾಳ ನರಳತಾರಲ್ಲ? ಇದು ಔಷಧಾ ಅಂತ.”

ಕಸ್ತೂರೆವ್ವನ ಮುಖ ಕಬ್ಬಿಣದ ಹಂಚಾಯಿತು. ಅಂದು ಸಂಜೆಯೇ ಯಜ್ಞೇಶ್ವರ ಇನ್ನೊಂದು ಸುದ್ದಿ ತಂದ. ಕಾಲೇಜಿನವರು ನೀಲ್ಸನಿಗೆ ಗುಡ್ಡದ ಮೇಲಿನ ಬಂಗಲೆ ಕೊಡುವುದಾಗಿ ಹೇಳಿದ್ದಾರೆ. ಸುತ್ತ ತೋಟ, ಒಳ್ಳೇ ಗಾಳಿ, ಬಹಳ ಶಾಂತ ಜಾಗ. ಗಂಡ ಹೆಂಡತಿ ವಿಚಾರ ಮಾಡುತ್ತಿದ್ದಾರಂತೆ.

“ಶಾಂತ ಜಾಗ” ಎಂಬ ಮಾತು ಕಸ್ತೂರೆವ್ವನ ಎದೆಗೆ ಮುಳ್ಳಿನಂತೆ ನಟ್ಟಿತು. ಯಜ್ಞೇಶ್ವರ ಆಚೆ ಹೋದದ್ದೇ ತಡ, ನ್ಯಾಯಾಲಯ ಕೂತಿತು.

“ಏನ್ರಿ, ನಾಳಿಂದ ನಿಮ್ಮ ಆ ಖ್ಯಾಕ್ ಬಂದ್.”

“ಬಂದ್ ಅಂದ್ರ? ಅದೇನ ಅಂಗಡಿ ಏನು, ಬಾಗಲಾ ಹಾಕಾಕ?”

“ಮಂದಿ ಮುಖಾ ತೊಳ್ಕೊಳ್ಳೂದಿಲ್ಲೇನು? ನೀವೂ ಬಾಯಿ ಮುಚ್ಚಿಕೊಂಡ ತೊಳ್ಕೋರಿ.”

“ಬಾಯಿ ಮುಚ್ಚಿಕೊಂಡ ಬಾಯಿ ತೊಳಿಯೂದ ಹೆಂಗಂತ ಹೇಳಿಕೊಡು, ತೊಳೀತೇನಿ.”

ಕಸ್ತೂರೆವ್ವ ಮುಂದಿನ ವಾಗ್ಬಾಣವನ್ನು ಬಿಲ್ಲಿಗೇರಿಸಿದವಳು ಯಾಕೋ ಬಿಡಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, “ಆ ಕೂಸು ನನ್ನ ಬೆರಳ ಹಿಡೀತೈತ್ರಿ. ಹ್ವಾದ್ರ ನಾ ಏನ ಮಾಡಲಿ?” ಎಂದಳು.

ಮಾಸ್ತರರು ಎದ್ದು ಹೋಗಿ, ಹಿತ್ತಾಳೆಯ ನಾಲಿಗೆ ಕಡ್ಡಿಯನ್ನು ತಂದು ಆಕೆಯ ಮುಂದಿಟ್ಟರು, ಸೋತ ರಾಜ ಖಡ್ಗ ಇಟ್ಟಂತೆ.

ಮರುದಿನ ಸಪ್ತಾಪುರದಲ್ಲಿ ಬೆಳಗಾಗಲಿಲ್ಲ. ಆಯಿತು, ಆದರೆ ಯಾರಿಗೂ ನಂಬಿಕೆ ಬರಲಿಲ್ಲ. ವಿದ್ಯಾರ್ಥಿಗಳು ಎಂಟು ಗಂಟೆಗೆ ಎದ್ದು ಒಬ್ಬರ ಮುಖ ಒಬ್ಬರು ನೋಡಿದರು. ಹನುಮವ್ವ ಬರಿಯ ಚೊಂಬು ಹಿಡಿದು ಬಂದು, “ಮಾಸ್ತರ್ರು ಅರಾಮ ಅದಾರಿಲ್ರೀ ಅಕ್ಕಾರ? ನನ್ನ ಎಮ್ಮಿ ಹಿಂದ ಹೊಳ್ಳಿ ನೋಡಾಕತ್ತೈತಿ” ಎಂದಳು. ಯಜ್ಞೇಶ್ವರ ಗೋಡೆಯ ಮೇಲಿಂದ ಕತ್ತು ಚಾಚಿ, “ಮಾಸ್ತರ್ರ, ನಿಮ್ಮ ಷಡ್ಜ ಇಲ್ಲದ ನನ್ನ ತಂಬೂರಿ ಕೂಡವಲ್ದು” ಎಂದು ನಿಟ್ಟುಸಿರಿಟ್ಟ.

ಮಾಸ್ತರರು ನಾಲ್ಕು ದಿನ ಮೌನವಾಗಿ ಬಾಯಿ ಮುಕ್ಕಳಿಸಿ ನೋಡಿದರು. ಹೊಟ್ಟೆ ಉಬ್ಬರಿಸಿತು. ತರಗತಿಯಲ್ಲಿ ಯುರೋಪಿನ ನದಿಗಳನ್ನು ಹೇಳುವಾಗ ಗಂಟಲು ಕಟ್ಟಿತು. ಐದನೆಯ ದಿನ ಒಂದು ಉಪಾಯ ಹೊಳೆದು, ತಾಮ್ರದ ತಂಬಿಗೆ ಹಿಡಿದು ನಸುಕಿನಲ್ಲಿ ಕೆಲಗೇರಿ ಕೆರೆಯ ಕಡೆ ಹೊರಟರು. ಅಲ್ಲಿ ನೀರುಂಟು, ಬಯಲುಂಟು, ಕೇಳುವವರಿಲ್ಲ.

ಆದರೆ ನೋಡುವವರಿದ್ದರು. ನಸುಕಿನಲ್ಲಿ ತಂಬಿಗೆ ಹಿಡಿದು ಕೆರೆಯ ಕಡೆ ಹೋಗುವವನನ್ನು ನಮ್ಮ ಕಡೆ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳದೆಯೇ ಗೊತ್ತಿರುತ್ತದೆ. ದಾರಿಯಲ್ಲಿ ಓಡುವ ವ್ಯಾಯಾಮ ಮಾಡುತ್ತಿದ್ದ ಶಿಷ್ಯರು ಮೊದಲು ನಮಸ್ಕಾರಕ್ಕೆ ಕೈ ಎತ್ತಿ, ಆಮೇಲೆ ತಂಬಿಗೆ ಕಂಡು, ಗುರುಗಳ ಮರ್ಯಾದೆಗಾಗಿ ಮುಖ ಆಚೆ ತಿರುಗಿಸಿದರು. ವಾರದಲ್ಲಿ ಊರಿಗೆಲ್ಲ ಸುದ್ದಿ: ಮಾಸ್ತರರು ಮಹಡಿ, ಹಿತ್ತಲು, ಎಲ್ಲವನ್ನೂ ಬಿಳಿಯರಿಗೆ ಬಿಟ್ಟುಕೊಟ್ಟು ಪಾಪ ಬಯಲಿಗೆ ಹೋಗುತ್ತಿದ್ದಾರೆ! ಹೆಡ್‌ಮಾಸ್ತರರು ಕೋಣೆಗೆ ಕರೆದು, ಬಾಗಿಲು ಹಾಕಿ, “ಮಹಾದೇವಪ್ಪನವರ, ಮನ್ಯಾಗ ಅಡಚಣಿ ಇದ್ರ ನಮ್ಮಲ್ಲಿ ಬರ್ರಿ. ಸಂಕೋಚ ಮಾಡಬ್ಯಾಡ್ರಿ” ಎಂದರು.

ಅಂದಿಗೆ ಕೆರೆಯೂ ಬಂದ್ ಆಯಿತು. ಉಳಿದ ಒಂದೇ ದಾರಿ ಭಾನುವಾರ. ಭಾನುವಾರ ಮುಂಜಾನೆ ಮೇಲಿನ ಮನೆಯವರು ಮಕ್ಕಳನ್ನು ಕಟ್ಟಿಕೊಂಡು, ಫಕ್ರುಸಾಬನ ಟಾಂಗಾದಲ್ಲಿ ಇಗರ್ಜಿಗೆ ಹೋಗುತ್ತಿದ್ದರು. ಆದರೆ ಅದೇ ಹೊತ್ತಿಗೆ ಕಸ್ತೂರೆವ್ವ ಮನೆಯಲ್ಲಿರುತ್ತಿದ್ದಳು. ಆಕೆಯ ಆಜ್ಞೆಗೆ ವಾರದ ರಜೆ ಇರಲಿಲ್ಲ.

ಹೀಗಿರಲು ಒಂದು ಶನಿವಾರ ಉಪ್ಪಿನಬೆಟಗೇರಿಯಿಂದ ಕಸ್ತೂರೆವ್ವನ ತಂಗಿ ದುರಗವ್ವನ ಕರೆ ಬಂತು: ಮರುದಿನ ಮಗಳ ಸೀಮಂತ, ತಪ್ಪದೆ ಬಾ. ಕಸ್ತೂರೆವ್ವ ಭಾನುವಾರದ ಮೊದಲ ಬಸ್ಸಿಗೆ ಹೊರಟಳು. ಬಾಗಿಲಲ್ಲಿ ನಿಂತು ಬೆರಳು ತೋರಿಸಿದಳು.

“ಬಾಯಿ ತಗದೀರಿ ಅಂದ್ರ ನೋಡ್ರಿ ಮತ್ತ.”

“ಊಟಕ್ಕರ ತಗೀಲೋ ಬ್ಯಾಡೋ?”

“ಅದಕ್ಕ ತಗೀರಿ. ಮುಟಗಿ ಮಾಡಿ ಮುಚ್ಚಿಟ್ಟೇನಿ. ಅದು ಕರೆವ್ವಂದು. ನಿಮ್ಮದು ರೊಟ್ಟಿ.”

ಹೆಂಡತಿ ಹೋದಳು. ಒಂಬತ್ತಕ್ಕೆ ಟಾಂಗಾ ಬಂತು. ಮಾಸ್ತರರು ಕಿಟಕಿಯಿಂದ ಟಾಂಗಾದ ಹಿಂಬದಿ ಕಂಡರು: ನೀಲ್ಸನ ಟೊಪ್ಪಿಗೆ, ಉಳವಪ್ಪನ ಕೂದಲು. ಟಾಂಗಾ ತಿರುವಿನಲ್ಲಿ ಮರೆಯಾಯಿತು. ಮನೆ ನಿಶ್ಶಬ್ದ. ಮಾಸ್ತರರ ಎದೆಯಲ್ಲಿ ಕಟ್ಟಿಹಾಕಿದ ಹೋರಿಯೊಂದು ಮಗ್ಗುಲು ಬದಲಿಸಿತು.

(ಇಲ್ಲಿ ಓದುಗರಿಗೆ ಒಂದು ಮಾತು. ಕೂಸಿಗೆ ನೆಗಡಿಯಾಗಿ ಇಂಗರ್ ಅಂದು ಇಗರ್ಜಿಗೆ ಹೋಗಿರಲಿಲ್ಲ. ಕೂಸನ್ನು ತನ್ನ ದೇಶದ ಪದ್ಧತಿಯಂತೆ ಹಿತ್ತಲಲ್ಲಿ ಮಲಗಿಸಿ, ದೊಡ್ಡವ್ವ ಇದ್ದೇ ಇರುತ್ತಾಳೆಂದು ಮೇಲೆ ಹೋಗಿದ್ದಳು. ಪೇರಲ ಗಿಡ ಬಚ್ಚಲ ಗೋಡೆಯ ಆಚೆ. ಇದು ಮಾಸ್ತರರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿರಲಿ.)

ಮಾಸ್ತರರು ಅಡಿಗೆಮನೆಯ ಅಕ್ಕಿ ಡಬ್ಬಿಯ ಹಿಂದೆ ಹೆಂಡತಿ ಬಚ್ಚಿಟ್ಟಿದ್ದ ನಾಲಿಗೆ ಕಡ್ಡಿಯನ್ನು ಹುಡುಕಿ ತೆಗೆದರು. ಬಚ್ಚಲ ಕಟ್ಟೆಗೆ ಹೋದರು. ತಂಬಿಗೆ ಇಟ್ಟರು. ಇದ್ದಿಲ ಪುಡಿಯನ್ನು, ತಿಂಗಳ ಮೇಲಿನ ವಿರಹದ ಭರದಲ್ಲಿ, ಹಲ್ಲಿಗಷ್ಟೇ ಅಲ್ಲದೆ ಗಲ್ಲ, ಗದ್ದ, ಕಿವಿಯ ತನಕ ಬಳಿದುಕೊಂಡರು. ಪೂರ್ವಕ್ಕೆ ಮುಖ ಮಾಡಿದರು. ಕಡ್ಡಿ ನಾಲಿಗೆಯ ಬುಡ ಮುಟ್ಟಿತು.

ಆ ಸದ್ದನ್ನು ಕಾಗದದ ಮೇಲೆ ಬರೆಯುವ ಅಕ್ಷರ ನಮ್ಮ ವರ್ಣಮಾಲೆಯಲ್ಲಿಲ್ಲ. ಇಷ್ಟು ದಿನ ಕೂಡಿಟ್ಟ ಖ್ಯಾಕುಗಳೆಲ್ಲ ಒಂದರ ಹೆಗಲ ಮೇಲೊಂದು ಹತ್ತಿ ಒಟ್ಟಿಗೆ ಹೊರಬಿದ್ದವು. ಯಜ್ಞೇಶ್ವರನ ಗೋಡೆಯ ತಂಬೂರಿ ತಾನೇ ಝೇಂಕರಿಸಿತು. ಹನುಮವ್ವನ ಎಮ್ಮೆ ಮೇಯುತ್ತಿದ್ದಲ್ಲೇ ನಿಂತು ಹಾಲು ಸುರಿಸಿತೆಂದು ಆಕೆ ಇಂದಿಗೂ ಹೇಳುತ್ತಾಳೆ. ಗೋಡೆಯ ಆಚೆ ಏನೋ ಕಿಚಕಿಚ ಎಂದು ಓಡಿದಂತಾಯಿತು. ಮಾಸ್ತರರಿಗೆ ಅದನ್ನು ಗಮನಿಸುವ ವ್ಯವಧಾನವಿರಲಿಲ್ಲ. ಅವರು ಆಕಾಶ ನೋಡುತ್ತ ಗಳಗಳದ ತಾರಸಪ್ತಕದಲ್ಲಿದ್ದರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಕಣ್ಣು ಇಳಿಸಿ ನೋಡಿದರೆ ಎದುರಿಗೆ ಇಂಗರ್! ಎದೆಗೆ ಕೂಸು, ಕಣ್ಣಲ್ಲಿ ಧಾರೆ ನೀರು. ಗಂಟಲಲ್ಲಿದ್ದ ನೀರು ಮಾಸ್ತರರ ಹೊಟ್ಟೆಗೇ ಹೋಯಿತು. ಸರಿ, ಕೂಸನ್ನು ಎಬ್ಬಿಸಿಬಿಟ್ಟೆ, ಇನ್ನು ಬಂಗಲೆಯೇ ಗತಿ, ಇನ್ನು ಕಸ್ತೂರಿಗೆ ಮುಖ ತೋರಿಸುವುದು ಹೇಗೆ ಎಂದುಕೊಂಡರು. ಎರಡೂ ಕೈ ಮುಗಿದು, ಕಪ್ಪು ಬಾಯಿಯಿಂದ, “ಸಾರಿ ಮ್ಯಾಡಂ, ವೆರಿ ಸಾರಿ” ಎಂದರು.

ಆಕೆ ಅವರ ಕಪ್ಪು ಕೈಗಳನ್ನು ಹಿಡಿದುಕೊಂಡು, “ಥ್ಯಾಂಕ್ಯೂ, ಥ್ಯಾಂಕ್ಯೂ” ಎಂದು ಬಿಕ್ಕಿದಳು.

“ಸಾರಿ” ಎಂದರು ಮಾಸ್ತರರು.

“ಥ್ಯಾಂಕ್ಯೂ” ಎಂದಳು ಇಂಗರ್.

ಇದು ಸ್ವಲ್ಪ ಹೊತ್ತು ನಡೆಯಿತು. ಕರೆವ್ವ ಮಾತ್ರ ಮಾಸ್ತರರ ಮೂಗಿನ ಮೇಲಿನ ಇದ್ದಿಲನ್ನು ಬೆರಳಲ್ಲಿ ಮುಟ್ಟಿ ಕಿಲಕಿಲ ನಕ್ಕಿತು. ಏನೂ ತಿಳಿಯದ ಮಾಸ್ತರರು ಟವೆಲ್ ಮುಖಕ್ಕೆ ಮುಚ್ಚಿಕೊಂಡು ಒಳಗೆ ಓಡಿ ಚಿಲಕ ಹಾಕಿಕೊಂಡರು.

ಸಂಜೆ ಉಪ್ಪಿನಬೆಟಗೇರಿಯ ಬಸ್ಸಿನಿಂದ ಇಳಿದ ಕಸ್ತೂರೆವ್ವನಿಗೆ ಮೊದಲು ಸಿಕ್ಕವನು ಫಕ್ರುಸಾಬ.

“ಹತ್ರಿ ಅಕ್ಕಾರ, ಇವತ್ತ ನಿಮಗ ಪುಕ್ಕಟ. ಏನ ಗಂಡ್ಸರೀ ನಿಮ್ಮ ಮಾಸ್ತರ್ರು!”

“ಯಾಕ, ಏನ ಮಾಡಿದ್ರಪಾ?” ಎಂದಳು ಕಸ್ತೂರೆವ್ವ, ಟಾಂಗಾ ಹತ್ತುತ್ತ.

“ದೊಡ್ಡ ಗಂಡ ಮಂಗ್ಯಾರಿ, ಕೂಸಿನ ಗಾಡಿ ಮ್ಯಾಲೇರಿ ಕೂತಿತ್ತಂತ. ದುಪ್ಪಟಿ ಎಳ್ಯಾಕತ್ತಿತ್ತಂತ. ಆ ಮೇಮಸಾಬ ಕಿಡಕ್ಯಾಗಿಂದ ನೋಡಿ ಕಲ್ಲಾಗಿ ನಿಂತಾಳ, ದನೀನ ಹೊರಡವಲ್ದು. ಅಷ್ಟೊತ್ತಿಗೆ ಮಾಸ್ತರ್ರು ಹುಲಿ ಹೊಡದಂಗ ಒಂದ ಆವಾಜ್ ಹಾಕಿದ್ರು ನೋಡ್ರಿ! ಮಂಗ್ಯಾ ಕೆಲಗೇರಿ ದಾಟಿ ಹೋಗೇತಿ.”

ಬಸ್ ನಿಲ್ದಾಣದಲ್ಲಿ ಒಂದಿದ್ದ ಮಂಗ ಕಾಲೇಜಿನ ಹತ್ತಿರ ಏಳಾಯಿತು. ಸಪ್ತಾಪುರದ ತಿರುವಿಗೆ ಬರುವ ಹೊತ್ತಿಗೆ ಒಂದು ಹಿಂಡೇ ಆಗಿ, ಮಾಸ್ತರರು ಬರಿಗೈಯಲ್ಲಿ ಹೋರಾಡತೊಡಗಿದ್ದರು. ಕಸ್ತೂರೆವ್ವ ಟಾಂಗಾದಿಂದ ಇಳಿದವಳು ನೇರ ಮಹಡಿಗೆ ಓಡಿ, ಕೂಸಿನ ಕೈ ಕಾಲು ಎಣಿಸಿ, ಮುತ್ತಿಟ್ಟು, ಅದನ್ನು ಎತ್ತಿಕೊಂಡೇ ಕೆಳಗಿಳಿದಳು.

ಕೆಳಗೆ ಪಡಸಾಲೆಯಲ್ಲಿ ಓಣಿಯೆಲ್ಲ ಸೇರಿತ್ತು. ನಡುವೆ, ಇದ್ದಿಲು ಪೂರ್ತಿ ಹೋಗದ ಕಿವಿಗಳೊಡನೆ, ಮಾಸ್ತರರು ಮದುವೆಗೆ ಒಪ್ಪಿಗೆ ಕೊಟ್ಟವರಂತೆ ತಲೆ ತಗ್ಗಿಸಿ ಕುಳಿತಿದ್ದರು. ಯಜ್ಞೇಶ್ವರ ಅವರ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, “ಇಂಥ ತಾನ ನಾ ಎಲ್ಲೂ ಕೇಳಿಲ್ಲ” ಎಂದು ಕಣ್ಣು ಮುಚ್ಚಿದ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನೀಲ್ಸ್ ಪೇಡೆಯ ಡಬ್ಬಿ ಹಿಡಿದು ಎಲ್ಲರಿಗೂ ತಾನೇ ಹಂಚುತ್ತಿದ್ದ. ಬಾಗಿಲಲ್ಲಿ ಬಗ್ಗುವುದನ್ನು ಮರೆತು ಎರಡು ಸಲ ಹಣೆ ಹೊಡೆಸಿಕೊಂಡಿದ್ದ.

ಆಮೇಲೆ ಇಂಗರ್ ಎದ್ದು ನಿಂತಳು. ಮಾತಾಡುವುದಿದೆ ಎಂದಳು. ಉಳವಪ್ಪ ಕೆಳಗೆ ಬಿದ್ದ ಪೇಡೆಯನ್ನು ಬಾಯಿಗೆ ಹಾಕಿಕೊಂಡು ದುಭಾಷಿಯ ಸ್ಥಾನಕ್ಕೆ ಬಂದ.

“ಅವ್ವ ಹೇಳಾಕತ್ತಾಳ... ನಾವು ಇಲ್ಲಿ ಬಂದಾಗ ಭಾಳ ಅಂಜಿಕಿ ಇತ್ತಂತ. ಯಾರೂ ಇಲ್ಲ ನಮಗ ಅಂತ. ಆದ್ರ ಮುಂಜಾನಿ ದೊಡ್ಡಪ್ಪನ ಸಪ್ಪಳ ಕೇಳಿದ್ರ ಕರೆವ್ವ ನಗತಿತ್ತಂತ, ಕೆಳಗ ಮನಶ್ಯಾರ ಅದಾರ ಅಂತ ಅವ್ವಗ ಧೈರ್ಯ ಬರತಿತ್ತಂತ.” ಅವನು ಉಸಿರು ತೆಗೆದುಕೊಂಡ. “ಆಮ್ಯಾಲ ಔಷಧಾ ಕೊಟ್ಟ ದಿನದಿಂದ ಸಪ್ಪಳ ನಿಂತ್ತಂತ. ದೊಡ್ಡಪ್ಪಗ ಸಿಟ್ಟ ಬಂದೈತಿ, ನಾವು ಇಲ್ಲಿ ಇರೂದು ಅವರಿಗೆ ಬ್ಯಾಡಾಗೇತಿ ಅಂತ ಅವ್ವ ತಿಳಕೊಂಡಳಂತ. ಅದಕ್ಕ ಬಂಗಲೆಕ್ಕ ಹೋಗೂಣು ಅಂತ ಅಪ್ಪಗ ಹೇಳಿದ್ದಳಂತ. ನಾಳೆ ಸಾಮಾನ ಕಟ್ಟೂದಿತ್ತಂತ.”

ಕಸ್ತೂರೆವ್ವ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಇವರು ಹೋಗಬಾರದೆಂದು ಗಂಡನಿಗೆ ತಾನು ಹಾಕಿದ ಬಾಯಿಬೀಗವೇ ಇವರನ್ನು ಆಚೆ ನೂಕುತ್ತಿತ್ತೆಂದು ಆಕೆಗೆ ಈಗ ಹೊಳೆಯಿತು. ಮಾಸ್ತರರಿಗೆ ಕೆರೆಯ ದಾರಿ, ತಂಬಿಗೆ, ಮುಖ ತಿರುಗಿಸಿದ ಶಿಷ್ಯರು, ಬಾಗಿಲು ಹಾಕಿದ ಹೆಡ್‌ಮಾಸ್ತರರು, ಎಲ್ಲ ಮೆರವಣಿಗೆಯಲ್ಲಿ ಕಣ್ಣ ಮುಂದೆ ಹಾದುಹೋದವು.

“ಈಗ?” ಎಂದಳು ಕಸ್ತೂರೆವ್ವ.

ಇದಕ್ಕೆ ದುಭಾಷಿ ಬೇಕಾಗಲಿಲ್ಲ. ಇಂಗರ್ ಕನ್ನಡದಲ್ಲೇ, ಒಂದೊಂದೇ ಮಾತನ್ನು ಜೋಪಾನವಾಗಿ ಇಳಿಸುತ್ತ, “ಎಲ್ಲಿಗೂ ಹೋಗೂದಿಲ್ಲ, ಅಕ್ಕಾ” ಎಂದಳು.

ಕಸ್ತೂರೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕರೆವ್ವ ಆಕೆಯ ಬೆರಳನ್ನು ಹಿಡಿದು ಮುಟಗಿಯ ವಾಸನೆ ಹುಡುಕುತ್ತಿತ್ತು. ಆಗ ಆಕೆ ಗಂಡನ ಕಡೆ ನೋಡಿದ ನೋಟವಿದೆಯಲ್ಲ, ಇಪ್ಪತ್ತು ವರ್ಷದಲ್ಲಿ ಮಾಸ್ತರರು ಕಂಡಿರಲಿಲ್ಲ. ಒನಕೆಯ ನೆರಳೂ ಅದರಲ್ಲಿರಲಿಲ್ಲ. ಆಕೆ ಓಣಿಗೆಲ್ಲ ಕೇಳುವಂತೆ ಹೇಳಿದಳು:

“ನನ್ನ ಮಾತ ಕೇಳಿ ಇಷ್ಟ ದಿನಾ ಬಾಯಿ ಬಿಗಿಹಿಡದಿದ್ರು. ಹಿಡದಿದ್ದಕ್ಕ ಇವತ್ತ ಅಷ್ಟ ಶಕ್ತಿ ಬಂತು! ಹೇಳ್ರಿ, ಎಲ್ಲಾರೂ ಕೇಳಾಕತ್ತಾರ. ಅಷ್ಟ ದೊಡ್ಡ ಮಂಗ್ಯಾನ ಕಂಡು ನಿಮಗ ಹೆದರಿಕಿ ಬರಲಿಲ್ಲೇನು?”

ಪಡಸಾಲೆಯೆಲ್ಲ ಕತ್ತು ಮುಂದೆ ಚಾಚಿತು. ಫಕ್ರುಸಾಬ ನಾಳೆಯ ಸವಾರಿಗಳಿಗೆ ಹೇಳಲು ಕಿವಿ ನೆಟ್ಟಗೆ ಮಾಡಿದ. ಮಾಸ್ತರರು ಹಾರದೊಳಗಿನಿಂದ ತಲೆ ಎತ್ತಿದರು. ಸುಮ್ಮನಿದ್ದರೆ ಸಪ್ತಾಪುರದ ಹುಲಿಯಾಗಿಯೇ ಉಳಿಯುತ್ತಿದ್ದರು. ಆದರೆ ಹೈಸ್ಕೂಲು ಮಾಸ್ತರರು, ಪ್ರಶ್ನೆ ಕೇಳಿದರೆ ಸರಿಯುತ್ತರ ಕೊಡುವ ಚಟ ಬಿಡಲಿಲ್ಲ.

“ಮಂಗ್ಯಾನ ನಾ ನೋಡೇ ಇಲ್ಲ” ಎಂದರು. “ನೀ ಊರಾಗ ಇಲ್ಲಂತ ಮುಖಾ ತೊಳಕೊಳ್ಳಾಕತ್ತಿದ್ದೆ.”